ಗುಡ್ಡಪ್ಪ ಮಾರಿದ ಮಾನಿಟರ್

ದಾವಣಗೆರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಗುಡ್ಡಪ್ಪ ಅಂತ ಒಬ್ಬ ಸೇಲ್ಸ್‌ಮನ್. ಕಂಟ್ರಾಕ್ಟರ್ ಪಂಚಾಕ್ಷರಪ್ಪನವರನ್ನು ಕಂಡರೆ ಸಾಕು, ಅವನಿಗೆ ಸುಸ್ತಾಗುತ್ತಿತ್ತು. ಅವರು ಮೂರು ಸಲ ಬಂದು, ಹತ್ತಾರು ಮಾನಿಟರ್ ಇಳಿಸಿಸಿ, ಏನೂ ಕೊಳ್ಳದೆ ಹೋಗಿದ್ದರು. ಈಗ ನಾಲ್ಕನೇ ಸಲ, ಕಂಕುಳಲ್ಲಿ ತಮ್ಮ ಹಳೇ ಗೇಮ್ ಕನ್ಸೋಲ್ ಇಟ್ಟುಕೊಂಡೇ ಬಂದರು.

"ರೇಟು ಕಡಿಮೆ ಇರಬೇಕು. ಆದ್ರೆ ಅಗ್ಗದ ಮಾಲು ನನ್ನ ಕಣ್ಣಿಗೆ ಹಿಡಿಸಲ್ಲ!"

ಮಾಲೀಕರು ಗುಡ್ಡಪ್ಪನ ಕಿವಿಯಲ್ಲಿ, "ಇವತ್ತೂ ಇವರು ಬರಿಗೈಲಿ ಹೋದ್ರೆ ನಾಳೆಯಿಂದ ನೀನು ಬರಬೇಡ" ಅಂದರು.

ಗುಡ್ಡಪ್ಪ ನಿಟ್ಟುಸಿರು ಬಿಟ್ಟ. ಒಂದೇ ಅಳತೆಯ ಎರಡು ಮಾನಿಟರ್ ಇಟ್ಟು, ಹೆಸರು, ಬೆಲೆ ಕಾಣದಂತೆ ಕಾಗದ ಅಂಟಿಸಿದ. ಆ ಹಳೇ ಕನ್ಸೋಲಿನ ಚಿತ್ರ ಎರಡರಲ್ಲೂ ಒಂದೇ ಥರ ಕಾಣುತ್ತದೆ ಅಂತ ಅವನಿಗೆ ಗೊತ್ತಿತ್ತು. ಯಾವುದನ್ನು ಆರಿಸಿದರೂ ವ್ಯಾಪಾರವೇ.

"ನಿಮ್ಮಂಥವರು ಬೆಲೆ ನೋಡಿ ಆರಿಸಬಾರದು ಸಾರ್. ಆಡಿ ನೋಡಿ ಹೇಳಿ."

ಪಂಚಾಕ್ಷರಪ್ಪ ಕನ್ಸೋಲ್ ಜೋಡಿಸಿ ಎರಡರಲ್ಲೂ ಗೇಮಿನ ಕಾರು ಓಡಿಸಿದರು. ಆಮೇಲೆ ಎಡಗಡೆಯದನ್ನು ತಟ್ಟಿ, "ಇದಪ್ಪಾ ಮಾಲು ಅಂದ್ರೆ! ಅದು ಕಸ" ಅಂದರು.

ಗುಡ್ಡಪ್ಪ ಕಾಗದ ಕಿತ್ತ. ಎಡಗಡೆಯದು ಒಂಬತ್ತು ಸಾವಿರ. ಕಸ ಮೂವತ್ತೆಂಟು ಸಾವಿರ.

ಮಾಲೀಕರು ಸುಮ್ಮನೆ ಕೆಮ್ಮಿದರು. ಪಂಚಾಕ್ಷರಪ್ಪನವರ ಮುಖ ಕೆಂಪಾಯಿತು.

"ನಂಗೆ ಗೊತ್ತಿತ್ತು ಕಣಯ್ಯಾ! ನಿನ್ನ ಪರೀಕ್ಷೆ ಮಾಡ್ದೆ ಅಷ್ಟೇ."

"ನಾನು ಪಾಸಾದ್ನಾ ಸಾರ್?" ಗುಡ್ಡಪ್ಪ ದಣಿದ ದನಿಯಲ್ಲಿ ಕೇಳಿದ.

ಪಂಚಾಕ್ಷರಪ್ಪ ಎಡಗಡೆಯದನ್ನೇ ಕಟ್ಟಿಸಿಕೊಂಡರು. ದುಡ್ಡು ಕೊಟ್ಟರು.