ಅರ್ಧ ಹೊಟ್ಟೆಯ ಆಜ್ಞೆ

ಬೊಮ್ಮರಸ ರಾಜನ ಆಸ್ಥಾನಕ್ಕೆ ಅವತ್ತು ಪ್ರಧಾನಿ ದೊಡ್ಡಣ್ಣಯ್ಯ ಎದೆಯುಬ್ಬಿಸಿಕೊಂಡು ಬಂದ. ಎದೆಗಿಂತ ಮುಂಚೆ ಹೊಟ್ಟೆ ಬಂತು, ಅದು ಬೇರೆ ಮಾತು.

“ಪ್ರಭು, ಹೊಸ ಕೋಟೆಗೋಡೆಯನ್ನು ಅರ್ಧ ಖರ್ಚಿನಲ್ಲಿ ಕಟ್ಟಿಸಿ ತೋರಿಸ್ತೀನಿ!”

“ಹೇಗಯ್ಯಾ?” ಅಂದ ರಾಜ. ಪಾಪ, ಒಳ್ಳೆಯವನೇ. ಖರ್ಚು ಕಮ್ಮಿ ಅಂದರೆ ಮಾತ್ರ ಕಿವಿ ನೆಟ್ಟಗಾಗುತ್ತಿತ್ತು.

“ನಮ್ಮೂರ ಕಲ್ಲುಕುಟಿಗರಿಗೆ ದಿನಕ್ಕೆ ಎರಡು ಸೇರು ರಾಗಿ ಕೂಲಿ. ದಂಡ! ಹೊಳೆಯಾಚೆ ಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದ ಕಲ್ಲುಕುಟಿಗರು ಬೇಕಾದಷ್ಟು ಜನ ಇದ್ದಾರೆ. ಅವರು ತಮ್ಮೂರಲ್ಲಿ ಅರೆಹೊಟ್ಟೆ ಉಂಡೇ ಬೆಳೆದವರು. ಅರ್ಧ ಹೊಟ್ಟೆಗೆ ಅರ್ಧ ಕೂಲಿ. ಒಂದು ಸೇರು ಧಾರಾಳ ಆಯ್ತು!”

“ಭೇಷ್!” ಅಂದ ರಾಜ.

ಮೂಲೆಯಲ್ಲಿ ಕೂತಿದ್ದ ಮರಿದೇವ ಕೆಮ್ಮಿದ. ಅರಮನೆಯ ಅಡುಗೆಮನೆಯ ಉಸ್ತುವಾರಿ ಅವನದು, ರಾಜನನ್ನು ನಗಿಸುವ ಕೆಲಸವೂ ಅವನದೇ. “ಪ್ರಧಾನಿಗಳೇ, ಈ ಅರ್ಧ ಹೊಟ್ಟೆ ಕಲ್ಲುಕುಟಿಗರಿಗೆ ಮಾತ್ರವೋ, ಗಡಿ ದಾಟಿ ಬಂದವರೆಲ್ಲರಿಗೂ ಉಂಟೋ?”

“ಎಲ್ಲರಿಗೂ! ಯಾರೇ ಆಗಲಿ!” ಅಂತ ದೊಡ್ಡಣ್ಣಯ್ಯ ಗುಡುಗಿದ. “ಅವರಿಗೆ ಕೊಡೋದೆಲ್ಲ ಅರ್ಧ!”

ಸಂಜೆಗೇ ಡಂಗುರ ಹೊಡೆಸಿದ್ದಾಯ್ತು.

ಊರ ಕಲ್ಲುಕುಟಿಗರನ್ನೆಲ್ಲ ಮನೆಗೆ ಕಳಿಸಿದರು. ಅಗ್ಗಕ್ಕೆ ಜನ ಸಿಗುವಾಗ ಇವರು ಯಾಕೆ? ಹೊಳೆಯಾಚೆಯವರು ಬಿಸಿಲಲ್ಲಿ ಬೆನ್ನು ಬಗ್ಗಿಸಿ ಕಲ್ಲು ಒಡೆದರು, ಸಂಜೆ ಒಂದೊಂದು ಸೇರು ರಾಗಿ ಸೆರಗಿಗೆ ಹಾಕಿಸಿಕೊಂಡು ಹೋದರು. ಎರಡೂ ಕಡೆಯವರು ಎದುರಾದಾಗಲೆಲ್ಲ ಬೈದಾಟ. ಪ್ರಧಾನಿ ಮಾತ್ರ ನೆರಳಲ್ಲಿ ಕೂತು ಚಕ್ಕುಲಿ ತಿಂದ.

ಒಂದು ದಿನ ಹೊಳೆಯಾಚೆಯಿಂದ ಕಲ್ಲು ಒಡೆಯಲು ಬಂದ ಪೋಲಮ್ಮ ಮರಿದೇವನ ಮುಂದೆ ಬಂದು ನಿಂತಳು. ಅವಳ ಹಿಂದೆಯೇ ಊರ ಕಲ್ಲುಕುಟಿಗ ಕರಿಯಣ್ಣ, ಕೈಯಲ್ಲಿ ಸುತ್ತಿಗೆ.

“ಬುದ್ಧಿ, ಈ ಹೆಂಗಸು ನನ್ನ ಅನ್ನ ಕಿತ್ಕೊಂಡ್ಲು!” ಅಂದ ಕರಿಯಣ್ಣ.

“ನಿನ್ನ ಅನ್ನ ನನ್ನ ಹತ್ರ ಎಲ್ಲೈತಣ್ಣಾ?” ಪೋಲಮ್ಮನ ಕಣ್ಣು ತುಂಬಿತು. “ಒಂದು ಸೇರಲ್ಲಿ ಮಕ್ಕಳಿಗೆ ಮುದ್ದೆ ಆಗ್ತದೆ. ನಾನು ನೀರು ಕುಡಿದು ಮಲಗ್ತೀನಿ. ನಿಮ್ಮೂರ ಸಂತೇಲಿ ಉಪ್ಪಿನವಳು ನನಗೇನು ಅರ್ಧ ಬೆಲೆಗೆ ಉಪ್ಪು ಕೊಡ್ತಾಳಾ? ಹೊಳೆ ದಾಟಿದ್ದು ನಾನು. ಹೊಟ್ಟೆ ಇದ್ದಷ್ಟೇ ಐತೆ!”

ಕರಿಯಣ್ಣನ ಸುತ್ತಿಗೆ ಕೆಳಗಿಳಿಯಿತು.

“ಇಬ್ಬರೂ ಸುಮ್ಮನೆ ಹೋಗಿ,” ಅಂದ ಮರಿದೇವ. “ನಾಳೆ ರಾಜರ ಹುಟ್ಟುಹಬ್ಬ. ಬಡಿಸೋದು ನಾನೇ.”

ಮಾರನೆಯ ದಿನ ಅರಮನೆಯಲ್ಲಿ ಹೋಳಿಗೆ ಊಟ. ಘಮಘಮ ಅಂತ ತುಪ್ಪದ ವಾಸನೆ. ರಾಣಿ ವೆಂಗಳಾಂಬೆ ಬಂದು ಎಲೆಯ ಮುಂದೆ ಕೂತವಳು ಹೌಹಾರಿದಳು. ಅರ್ಧ ಎಲೆ. ಅದರ ಮೇಲೆ ಅರ್ಧ ಹೋಳಿಗೆ, ಅರ್ಧ ಹಪ್ಪಳ, ಅರ್ಧ ಸೌಟು ಪಾಯಸ. ಕೂರುವ ಮಣೆಯನ್ನೂ ಗರಗಸದಲ್ಲಿ ಕೊಯ್ದಿದ್ದರು!

“ಯಾರೋ ಇದು ಬಡಿಸಿದ್ದು?” ಅಂತ ರಾಣಿ ಕೂಗಿದ ಕೂಗಿಗೆ ಹೊರಗೆ ಕಾವಲುಗಾರನ ಈಟಿ ಬಿತ್ತು.

“ನಾನೇ, ತಾಯಿ,” ಅಂತ ಮರಿದೇವ ಕೈಮುಗಿದ. “ತಮ್ಮ ತವರು ಹೊಳೆಯಾಚೆ. ಆಜ್ಞೆ ಪ್ರಕಾರ ತಮ್ಮ ಹೊಟ್ಟೆ ಅರ್ಧ.”

ರಾಣಿ ರಾಜನ ಕಡೆ ತಿರುಗಿ ನೋಡಿದಳು. ಆ ನೋಟಕ್ಕೆ ರಾಜ ತನ್ನ ಎಲೆ ನೋಡಿಕೊಂಡ. ಅಲ್ಲೂ ಹೋಳಿಗೆಯ ಕಾಲುಭಾಗ ಮಾಯ!

“ಲೇ ಮರಿದೇವ! ನಾನು ಇಲ್ಲೇ ಹುಟ್ಟಿದವನಲ್ಲವೇನೋ?”

“ಹೌದು ಪ್ರಭು. ಆದರೆ ತಮ್ಮ ತಾಯಿಯವರು ಗಡಿಯಾಚೆಯಿಂದ ಬಂದವರು. ಅಪ್ಪಾಜಿಯವರ ಕಡೆಯ ಹೊಟ್ಟೆ ಪೂರ್ತಿ, ಅಮ್ಮನವರ ಕಡೆಯದು ಅರ್ಧ. ಎಲ್ಲ ಕೂಡಿಸಿ ಕಳೆದು ತಮಗೆ ಮುಕ್ಕಾಲು ಅಂತ ಮಾಡಿದೆ. ಲೆಕ್ಕ ತಪ್ಪಿದ್ದರೆ ಪ್ರಧಾನಿಗಳು ತಿದ್ದಲಿ.”

ಪ್ರಧಾನಿಗೆ ಮಾತಾಡಲಾಗಲಿಲ್ಲ. ಬಾಯಲ್ಲಿ ನಾಲ್ಕನೇ ಹೋಳಿಗೆ ಇತ್ತು.

“ದೊಡ್ಡಣ್ಣಯ್ಯ!” ಅಂತ ರಾಜ ಗುಡುಗಿದ.

ಪ್ರಧಾನಿ ಹೇಗೋ ನುಂಗಿದ. “ಪ್ರಭು, ರಾಜಮನೆತನದ ಹೊಟ್ಟೆಯೇ ಬೇರೆ. ಕೂಲಿಯವರ ಹೊಟ್ಟೆಗೆ ಅಭ್ಯಾಸ ಆಗಿರುತ್ತೆ…”

“ಹಾಗಾದರೆ ಸುಲಭವಾಯ್ತು,” ಅಂದ ಮರಿದೇವ. “ಪ್ರಭು, ಪ್ರಧಾನಿಗಳು ರಾಜಮನೆತನದವರಲ್ಲ. ಅವರನ್ನು ಒಂದು ತಿಂಗಳು ರಾಣಿಯವರ ತವರಿಗೆ ರಾಯಭಾರಕ್ಕೆ ಕಳಿಸಿಬಿಡಿ. ಅಲ್ಲಿ ಇವರೇ ಹೊರಗಿನವರು. ಹೊಳೆ ದಾಟುತ್ತಲೇ ಊಟ ಅರ್ಧ ಮಾಡಿಸಿ ಅಂತ ಹೇಳಿಕಳಿಸೋಣ.”

“ಖಂಡಿತ! ನಮ್ಮಣ್ಣನಿಗೆ ನಾನೇ ಹೇಳಿಕಳಿಸ್ತೀನಿ,” ಅಂದಳು ರಾಣಿ.

ದೊಡ್ಡಣ್ಣಯ್ಯ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ. “ಅಯ್ಯಯ್ಯೋ ಪ್ರಭು! ಹೊಳೆ ದಾಟಿದ ಮಾತ್ರಕ್ಕೆ ಹೊಟ್ಟೆ ಸಣ್ಣದಾಗುತ್ತಾ? ಇದೇ ಹೊಟ್ಟೆ ತಾನೇ ಅಲ್ಲಿಗೂ ಬರೋದು!”

ಅಂದವನೇ ನಾಲಿಗೆ ಕಚ್ಚಿಕೊಂಡ.

“ಕಲ್ಲು ಒಡೆಯೋ ಪೋಲಮ್ಮನೂ ಅದನ್ನೇ ಹೇಳಿದ್ದು ಸ್ವಾಮಿ,” ಅಂದ ಮರಿದೇವ. “ಅವಳು ನೀರು ಕುಡಿದು ಮಲಗಿ ಹೇಳಿದಳು. ತಾವು ನಾಲ್ಕು ಹೋಳಿಗೆ ತಿಂದು ಹೇಳಿದಿರಿ.”

ರಾಜನಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. “ಆಜ್ಞೆ ರದ್ದು! ಕಲ್ಲು ಒಡೆಯುವ ಕೈ ಯಾವ ಊರಿನದಾದರೂ ಎರಡು ಸೇರು. ಕಮ್ಮಿ ಕೊಟ್ಟಷ್ಟು ದಿನದ್ದೂ ಸೇರಿಸಿ ಕೊಡಿ. ನಮ್ಮೂರವರನ್ನೂ ಕರೆಸಿ, ಎಲ್ಲರೂ ಕೂಡಿ ಕಟ್ಟಲಿ.”

“ಪ್ರಭು, ಖರ್ಚು…” ಅಂತ ದೊಡ್ಡಣ್ಣಯ್ಯ ಬಾಯಿ ತೆರೆದ.

“ಜನ ಹೆಚ್ಚಾದರೆ ಗೋಡೆ ಬೇಗ ಏಳುತ್ತೆ. ನೀನು ಬಾಯಿ ಮುಚ್ಚು, ಇಲ್ಲಾ ದೋಣಿ ಹತ್ತು!”

ಆಮೇಲೆ ರಾಜ ಮರಿದೇವನ ಬೆನ್ನು ತಟ್ಟಿದ. “ಏನು ಬೇಕೋ ಕೇಳು. ಚಿನ್ನದ ಕಡಗ? ಜರತಾರಿ ಶಾಲು?”

ಮರಿದೇವ ತಲೆ ಕೆರೆದುಕೊಂಡ. “ಏನೂ ಬೇಡ ಪ್ರಭು. ಆಜ್ಞೆ ರದ್ದಾಯ್ತು ಅಂತ ಒಬ್ಬ ಡಂಗುರದವನನ್ನು ಮೊದಲು ನಮ್ಮನೆ ಬಾಗಿಲಿಗೇ ಕಳಿಸಿ. ನನ್ನ ಹೆಂಡತಿಯೂ ಹೊಳೆಯಾಚೆಯವಳು. ರಾಣಿಯವರಿಗೆ ಬಡಿಸೋಕೆ ಮುಂಚೆ ಒಂದ್ಸಲ ಅಭ್ಯಾಸ ಆಗಲಿ ಅಂತ ನಿನ್ನೆ ಅವಳಿಗೆ ಅರ್ಧ ಬಡಿಸಿದೆ. ಆಗಿಂದ ನಾನು ಜಗುಲಿ ಮೇಲಿದ್ದೀನಿ!”