ಮೊದಲ ಗೂಟ

ನಂಬುವುದಿಲ್ಲ ಎನ್ನುವವರು ಈಗಲೇ ಎದ್ದು ಹೋಗಬಹುದು. ಮಠದ ಹಿಂದಿನ ಬಯಲಲ್ಲಿ ಹದಿನಾಲ್ಕು ಮನೆಗಳ ಹೊಸ ಕೇರಿ ಎಬ್ಬಿಸಿದವನು ನಾನೇ. ಹಳ್ಳಿಯಲ್ಲಿ ಬೆಳೆದ ಇಪ್ಪತ್ತೆರಡರ ಹುಡುಗ! ಹದಿನಾಲ್ಕನ್ನೂ ಬೇರೆಯವರಿಗೆ ಹಂಚಿ, ಎದೆ ಉಬ್ಬಿಸಿಕೊಂಡು ಹೋಗಿ ಗುರುಗಳನ್ನು ಕೇಳಿದೆ: "ಗುರುಗಳೇ, ಊರು ಕಟ್ಟಿದವನಿಗೆ ಊರಲ್ಲಿ ಯಾವ ಜಾಗ?"

ಗುರುಗಳು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಹುಲ್ಲುಬಯಲಿತ್ತು. ಮರವಿಲ್ಲ, ಬಂಡೆಯಿಲ್ಲ. ಅಲ್ಲೊಬ್ಬ ದನಗಾಹಿ ಇದ್ದ. ದನಗಳು ಮೈ ಉಜ್ಜಿಕೊಳ್ಳಲೆಂದು ದೂರದ ಗುಡ್ಡದಿಂದ ಒಂದು ಕಲ್ಲುಕಂಬ ಎಳೆದು ತಂದು ನೆಟ್ಟಿದ್ದ.

ಒಂದು ದಿನ ಒಬ್ಬ ವ್ಯಾಪಾರಿ ಹತ್ತು ಗಾಡಿ ಜನರೊಡನೆ ಬಂದ. ದನಗಾಹಿ ನೀರಿರುವ ಜಾಗ ತೋರಿಸಿದ. ಬಾವಿ ತೋಡಿದರು, ನೀರು ಬಂತು. ಅಲ್ಲೇ ಊರು ಕಟ್ಟುವುದೆಂದು ನಿಶ್ಚಯಿಸಿದರು. ಆ ಜನರಲ್ಲಿ ಒಂದು ರೂಢಿ. ಮನೆ ಬೇಕಾದವನು ತನ್ನ ಜಾಗದಲ್ಲಿ ತನ್ನ ಕೈಯಾರೆ ಗೂಟ ಹೊಡೆಯಬೇಕು. ಗೂಟವಿಲ್ಲದವನಿಗೆ ಜಾಗವಿಲ್ಲ.

ಎಲ್ಲರೂ ಕಲ್ಲುಕಂಬದ ಬಳಿ ಸೇರಿದರು. ವ್ಯಾಪಾರಿ ಗೂಟ ಹೊಡೆಯುವ ಕೊಡತಿಯನ್ನು ದನಗಾಹಿಯ ಕಡೆ ಚಾಚಿದ.

"ಮೊದಲ ಗೂಟ ನಿಂದಪ್ಪ. ನೀರು ತೋರಿಸಿದವನು ನೀನು."

ದನಗಾಹಿ ಗಹಗಹಿಸಿ ನಕ್ಕ. "ನನ್ನ ದನಕ್ಕೇ ಗೂಟ ಹೊಡೆದವನಲ್ಲ ನಾನು, ನನಗೆ ಹೊಡ್ಕೊಳ್ಳಲಾ? ಬಯಲೆಲ್ಲ ನಂದೇ ಕಣಯ್ಯಾ. ನೀವು ಹೊಡ್ಕೊಳ್ಳಿ, ಹೆದರಬೇಡಿ!"

ವ್ಯಾಪಾರಿ ಮತ್ತೊಮ್ಮೆ ಕೇಳಿದ. ದನಗಾಹಿ ಕೊಡತಿ ಮುಟ್ಟಲಿಲ್ಲ.

ಮೊದಲ ವರ್ಷ ಎಲ್ಲರ ಮಾಡಿಗೂ ಹುಲ್ಲು ಕೊಯ್ದು ಕೊಟ್ಟವನು ಅವನೇ. ಆಮೇಲೆ ಗಾಣ ಬಂತು, ಸಂತೆ ಬಂತು. ಹುಲ್ಲಿನ ಮಾಡು ಹೋಗಿ ಹೆಂಚು ಬಂತು. ಬಯಲನ್ನು ಉತ್ತು ಹೊಲ ಮಾಡಿದರು. ದನಗಾಹಿ ಮೇವು ಹುಡುಕುತ್ತ ದೂರ ಹೋದ, ಇನ್ನೂ ದೂರ ಹೋದ. ಹೋದಲ್ಲೆಲ್ಲ "ನನ್ನದೊಂದು ಊರಿದೆ" ಎನ್ನುತ್ತಿದ್ದ.

ಮುಪ್ಪಿನಲ್ಲಿ, ಉಳಿದ ಒಂದೇ ಹಸುವನ್ನು ಹೊಡೆದುಕೊಂಡು ಹಿಂದಿರುಗಿದ. ಊರಿಗೆ ಈಗ ಬಾಗಿಲಿತ್ತು. ಕಾವಲುಗಾರ ತಡೆದ.

"ಯಾರ ಮನೆಗೆ ಬಂದೆ ಅಜ್ಜಾ?"

"ಯಾರ ಮನೆಗೂ ಅಲ್ಲ ಕಣೋ. ಇದು ನನ್ನೂರು."

"ಹೌದಾ? ಹಾಗಾದರೆ ನಿನ್ನ ಗೂಟ ಎಲ್ಲಿದೆ, ತೋರಿಸು."

ಅಜ್ಜ ಹಸುವಿನ ಬೆನ್ನ ಮೇಲೆ ಕೈಯಿಟ್ಟು, ಬಾಗಿಲಾಚೆ ತನ್ನ ಕಲ್ಲುಕಂಬವನ್ನು ಹುಡುಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ. ಮನೆ ಹಂಚುವಾಗ "ನನಗ್ಯಾಕೆ ಮನೆ, ಕೇರಿಯೇ ನಂದು" ಎಂದು ನಾನೂ ನಕ್ಕಿದ್ದೆ.

"ಅಷ್ಟು ಮಾಡಿದವನಿಗೆ ಊರವರು ಏನೂ ಕೊಡಲಿಲ್ಲವೇ ಗುರುಗಳೇ?"

"ಕೊಟ್ಟರು. ಬೀದಿಗೆ ಅಡ್ಡವೆಂದು ಕಿತ್ತುಹಾಕಿದ್ದ ಆ ಕಲ್ಲುಕಂಬವನ್ನು, ಬಾಗಿಲ ಹೊರಗೆ ನೆಟ್ಟುಕೋ ಎಂದು ಕೊಟ್ಟರು."