ಮೊದಲು ಬೆನ್ನು, ಆಮೇಲೆ ಬಾಯಿ

ಮರ ಕಡೆಯಲು ಹೊಸದಾಗಿ ಕಲಿಯುತ್ತಿದ್ದ ಶಶಿರೇಖಾ, ಮಗಳಿಗೊಂದು ಪೆನ್ನು ಮಾಡಲೆಂದು ಮುರಿದ ತೊಟ್ಟಿಲ ಕಾಲನ್ನು ಮೂರು ತುಂಡು ಮಾಡಿದ್ದಳು. ಎರಡು ತುಂಡು ಮರ ತಿರುಗಿಸುವ ಲೇತಿನ ಮೇಲೆಯೇ ಸೀಳಿಹೋಗಿ ಒಲೆ ಸೇರಿದ್ದವು. ಮೂರನೆಯದನ್ನು ಸಿಕ್ಕಿಸಿ ಗುಂಡಿ ಒತ್ತಿದಾಗ ಆ ತುಂಡಿನ ಜೀವ ಬಾಯಿಗೆ ಬಂದಿತ್ತು.

ಗರಗರ ತಿರುಗುತ್ತಲೇ ಅದು ಎದುರಿಗೆ ಬಂದ ಉಳಿಯನ್ನು ಕೇಳಿತು: “ಉಳಿಯಣ್ಣಾ, ನನ್ನ ಅಕ್ಕಂದಿರನ್ನು ಯಾಕೆ ಸೀಳಿದಿರಿ?”

“ನಾನು ಹರಿತ, ಅವರು ಮೆದು. ಬಾಯಿ ಇರುವುದೇ ಕಚ್ಚಲಿಕ್ಕೆ.”

“ಹರಿತವೋ, ಹೆದರಿಕೆಯೋ? ಈ ತಾಯಿಯ ಕೈ ಇನ್ನೂ ಪಳಗಿಲ್ಲ, ಬೇಗ ಮುಗಿಸಿಬಿಡೋಣವೆಂದು ನೀವು ಬಾಯಿ ಹಾಕುತ್ತೀರಿ. ಶಾಯಿಯ ಕೊಳವೆಗೆಂದು ನನ್ನ ನಡುವೆ ತೂತು ಕೊರೆದಾಗಿದೆ, ಉಳಿದಿರುವುದು ತೆಳು ಗೋಡೆ. ಬಾಯಿಯ ಹಿಂದಿನ ಆ ನುಣುಪು ಬೆನ್ನನ್ನು ಮೊದಲು ತಾಗಿಸಿ.”

“ಬೆನ್ನು ತಾಗಿಸಿದರೆ ಏನು ಕತ್ತರಿಸುತ್ತದೆ, ಮಣ್ಣು?”

“ಏನೂ ಕತ್ತರಿಸುವುದಿಲ್ಲ, ಅದಕ್ಕೇ ಹೇಳಿದ್ದು. ನನ್ನ ವೇಗ ನಿಮಗೆ ತಿಳಿಯಲಿ, ನಿಮ್ಮ ಭಾರ ನನಗೆ ತಿಳಿಯಲಿ. ಆಮೇಲೆ ಬಾಯಿ ಹಾಕಿ.”

ಉಳಿ ಗೊಣಗುತ್ತಾ ಬೆನ್ನು ಒರಗಿಸಿತು. ಏನೂ ಆಗಲಿಲ್ಲ. ಶಶಿರೇಖಾ ಬಿಗಿಹಿಡಿದ ಉಸಿರು ಬಿಟ್ಟು, ಉಳಿಯ ಹಿಡಿಯನ್ನು ಕೂದಲೆಳೆಯಷ್ಟು ಎತ್ತಿದಳು; ಬಾಯಿ ಮೆಲ್ಲಗೆ ತಾಗಿತು. ಈರುಳ್ಳಿ ಸಿಪ್ಪೆಯಂಥ ಮರದ ಪದರ ಸುರುಳಿಸುರುಳಿಯಾಗಿ ಬಿತ್ತು. ತುಂಡು ಸೀಳಲಿಲ್ಲ.

ಸಂಜೆಗೆ ಅದು ಪೆನ್ನಾಯಿತು, ಉಕ್ಕಿನ ನಿಬ್ಬೂ ಬಂತು. ತನಗೂ ಒಂದು ಬಾಯಿ ಬಂದ ಖುಷಿಯಲ್ಲಿ ಅದು ಕಾಗದದ ಮೇಲೆ ನೆಟ್ಟಗೆ ಎರಗಲು ಹೊರಟಿತು.

ಕಾಗದ ಮುದುಡಿಕೊಂಡು ಕೇಳಿತು: “ಪೆನ್ನಕ್ಕಾ, ನಾನು ತುಂಬ ತೆಳು. ನೀವು ಮೊದಲು ಏನು ತಾಗಿಸುತ್ತೀರಿ?”

ಪೆನ್ನು ಗಕ್ಕನೆ ನಿಂತಿತು. ಆಮೇಲೆ ನಾಚಿಕೊಂಡು ಬೆನ್ನು ವಾಲಿಸಿತು.